ಕಣ್ಣೊಳಗಿನ ಕಿಟಕಿ

ಹೋದ ವರ್ಷದ ಬೇಸಿಗೆಯಲ್ಲಿ ಬಸವನಗುಡಿ ಕಡೆಯ ಒಂದು ಮನೆಯಿಂದ ಎರಡು ದಿನದ ಮಟ್ಟಿಗೆ ನನಗೊಂದು ಆಲ್ಬಮ್ ಸಿಕ್ಕಿತು. ಕಪ್ಪು ಹಾಳೆಗಳು, ನಡುನಡುವೆ ಬಟರ್ ಪೇಪರ್, ಅಂಟಿಸಿದ ಮೂವತ್ತೆಂಟು ಫೋಟೋ. "ತಗೊಂಡು ಹೋಗು ಪುಟ್ಟಿ, ಗುರುವಾರದೊಳಗೆ ತಂದ್ಕೊಡು, ನನ್ ತಂಗಿ ಬರ್ತಾಳೆ" ಎಂದರು ಅಜ್ಜಿ. ಮೂವತ್ತೆಂಟರಲ್ಲಿ ಒಂದು ಅವರ ತಾಯಿಯ ಮದುವೆಯ ಹೊತ್ತಿನದು. ಸುಮಾರು ಹದಿನಾಲ್ಕು ವರ್ಷದ ಹುಡುಗಿ, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದಾಳೆ.

ನನ್ನ ಪಿಎಚ್‌ಡಿ ಹಳೇ ಮೈಸೂರು ಸೀಮೆಯ ಸ್ಟುಡಿಯೋ ಭಾವಚಿತ್ರಗಳ ಬಗ್ಗೆ. ಬಿಡಿಸಿ ಹೇಳಿದರೆ, ಅವುಗಳಲ್ಲಿರುವ ಬೆಳಕಿನ ಬಗ್ಗೆ. ಈ ಬೆಳಕಿಗೆ ದಾಖಲೆ ಇರುವುದು ಕಡಿಮೆ. ಸ್ಟುಡಿಯೋ ಮುಚ್ಚಿದ ಮೇಲೆ ಪರದೆಗಳೂ ದೀಪಗಳೂ ಗುಜರಿ ಸೇರುತ್ತವೆ, ಲೆಕ್ಕದ ಪುಸ್ತಕ ಗೆದ್ದಲಿಗೆ. ಉಳಿಯುವ ಸಾಕ್ಷಿ ಫೋಟೋದಲ್ಲಿರುವವರ ಕಣ್ಣಿನಲ್ಲೇ ಇರುತ್ತದೆ. ಚೆನ್ನಾಗಿ ಉಳಿದ ಪ್ರಿಂಟನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಣ್ಣುಪಾಪೆಯ ಮೇಲೊಂದು ಬಿಳಿ ಗುರುತು ಕಾಣುತ್ತದೆ. ಅದು ಚೌಕವಾಗಿದ್ದರೆ ಎದುರಿಗೆ ಗಾಜಿನ ಕಿಟಕಿಯೋ ಬೆಳಕಿಂಡಿಯೋ ಇತ್ತು. ದುಂಡಗಿದ್ದರೆ ಬಹುಶಃ ಬಲ್ಬು. ಎರಡು ಗುರುತುಗಳಿದ್ದರೆ ಎರಡು ದೀಪ. (ರೀಟಚ್ ಮಾಡುವವರು ಕುಂಚದಿಂದ ಇಟ್ಟ ಸುಳ್ಳು ಚುಕ್ಕಿಗಳೂ ಉಂಟು. ಅವು ಎರಡೂ ಕಣ್ಣಿನಲ್ಲಿ ಅತಿಯಾಗಿ ಒಂದೇ ಥರ ಇರುತ್ತವೆ.) ಆ ಹುಡುಗಿಯ ಕಣ್ಣಿನಲ್ಲಿ ಚೌಕದ ಗುರುತಿತ್ತು. ಆಲ್ಬಮ್ ಕೈಗೆ ಬಂದಾಗ ಬರಿಗಣ್ಣಲ್ಲೇ ನೋಡಿದ್ದೆ.

ವಸಂತಪುರದಲ್ಲಿ ನನ್ನದು ಎರಡನೇ ಮಹಡಿಯ ಒಂದೇ ಕೋಣೆ. ಅಲ್ಲಿ ನನ್ನ 'ಸ್ಟುಡಿಯೋ' ಎಂದರೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಟ್ರೈಪಾಡ್, ಮತ್ತು ಆನ್‌ಲೈನಿನಲ್ಲಿ ಎಲ್ಲಕ್ಕಿಂತ ಅಗ್ಗಕ್ಕೆ ಸಿಕ್ಕಿದ ರಿಂಗ್ ಲೈಟ್. ಫೆಲೋಶಿಪ್ ಹಣ ಮೂರು ತಿಂಗಳಿಂದ ಬಂದಿರಲಿಲ್ಲ. ರಿಂಗ್ ಲೈಟು ಪ್ರಖರವಾಗಿತ್ತು, ನನಗೆ ಅಷ್ಟು ಸಾಕೆನಿಸಿತ್ತು. ಎರಡು ರಾತ್ರಿ ಕೂತು ಮೂವತ್ತೆಂಟನ್ನೂ ತೆಗೆದೆ, ಗುರುವಾರ ಆಲ್ಬಮ್ ಹಿಂತಿರುಗಿಸಿದೆ. ಒಂದು ವಾರದ ಮೇಲೆ ದೊಡ್ಡ ಪರದೆಯಲ್ಲಿ ನೋಡಿದರೆ ಹೊಳಪಿನ ಪ್ರಿಂಟುಗಳ ಮೇಲೆಲ್ಲ ನನ್ನ ದೀಪದ ಬಿಂಬ, ಬಿಳಿ ಬಳೆಯ ಹಾಗೆ. ಮದುವೆ ಹುಡುಗಿಯ ಚಿತ್ರದಲ್ಲಿ ಆ ಬಳೆ ಸರಿಯಾಗಿ ಅವಳ ಕಣ್ಣುಗಳ ಮೇಲೇ ಹಾದಿತ್ತು. ಅವಳ ಕಾಲದ ಬೆಳಕನ್ನು ಹುಡುಕಲು ಹೋದವಳು ಅದರ ಮೇಲೆ ನನ್ನ ದೀಪದ ಮುದ್ರೆ ಒತ್ತಿ ಬಂದಿದ್ದೆ.

ಸಂಶೋಧನೆಗೆಂದು ಓದಿದ್ದನ್ನೇ ಆಮೇಲೆ ಇನ್ನೊಮ್ಮೆ ಓದಿದೆ, ಈ ಸಲ ದೀಪ ಕೊಳ್ಳಬೇಕಾದವಳ ಕಣ್ಣಿನಿಂದ.

ಫೋಟೋಗ್ರಫಿ ನಮ್ಮ ಕಡೆ ಬಹಳ ಬೇಗ ಬಂತು. ಡಾಗೇರ್ ತನ್ನ ವಿಧಾನವನ್ನು ಜಗತ್ತಿಗೆ ತಿಳಿಸಿದ್ದು 1839ರಲ್ಲಿ. ಹದಿನೈದು ವರ್ಷ ಕಳೆದು, 1854ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ ಲಿನಿಯಸ್ ಟ್ರೈಪ್ ಬೇಲೂರು, ಹಳೇಬೀಡುಗಳಲ್ಲಿ ಕಾಗದದ ನೆಗೆಟಿವ್ ಹಿಡಿದು ನಿಂತಿದ್ದ. ಕಲ್ಲಿನ ಮದನಿಕೆಯರು ಅಲುಗಾಡುವುದಿಲ್ಲ, ಬಿಸಿಲೂ ಧಾರಾಳ. ಮನುಷ್ಯರ ಮುಖ ಹಾಗಲ್ಲ. ಬಿಸಿಲಿಗೆ ಕಣ್ಣು ಕಿರಿದಾಗುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಅದಕ್ಕಾಗಿ ಯುರೋಪಿನ ಸ್ಟುಡಿಯೋಗಳು ಉತ್ತರಕ್ಕೆ ಇಳಿಜಾರಾದ ಗಾಜಿನ ಮಾಡು ಕಟ್ಟಿಸಿದವು. ಅಲ್ಲಿ ಸೂರ್ಯ ಸದಾ ದಕ್ಷಿಣದಲ್ಲೇ ಸಾಗುವುದರಿಂದ ಉತ್ತರದ ಗಾಜಿನಿಂದ ಬರುವುದು ಆಕಾಶದ ಮೆದು ಬೆಳಕು ಮಾತ್ರ. ಕೈಪಿಡಿಗಳೂ ಅದನ್ನೇ ಹೇಳಿದವು, ಆ ಕೈಪಿಡಿಗಳೇ ಹಡಗು ಹತ್ತಿ ಇಲ್ಲಿಗೂ ಬಂದವು.

ಆದರೆ ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಇಲ್ಲಿ ನಡುಹಗಲಿಗೆ ಕಂಬದ ನೆರಳು ಮಾಯವಾಗುತ್ತದೆ. ಶೂನ್ಯ ನೆರಳಿನ ದಿನವೆಂದು ಈಗ ಶಾಲೆ ಮಕ್ಕಳೂ ಲೋಟ ಬೋರಲಿಟ್ಟು ನೋಡುತ್ತಾರೆ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ನಮ್ಮ ನಡುಹಗಲ ಸೂರ್ಯ ಇರುವುದು ಉತ್ತರಕ್ಕೆ! ಲಂಡನ್ನಿನ ಲೆಕ್ಕದಲ್ಲಿ ಕಟ್ಟಿದ ಗಾಜಿನ ಮಾಡು ಆಗ ನೇರ ಬಿಸಿಲನ್ನೇ ಒಳಗೆ ಬಿಡುತ್ತದೆ. ಇಲ್ಲಿ ಗಾಜಿನಷ್ಟೇ ಮುಖ್ಯವಾದದ್ದು ಅದರ ಕೆಳಗೆ ಎಳೆದು ಸರಿಸುವ ಬಟ್ಟೆ. ಮಾಡಿನ ಗಾಜಿಗೆ ಹಣ ಹಾಕಿದವನಿಗಿಂತ ಬಟ್ಟೆಯನ್ನು ಯಾವ ಗಂಟೆಗೆ ಎಷ್ಟು ಸರಿಸಬೇಕೆಂದು ತಿಳಿದವನೇ ಒಳ್ಳೆಯ ಫೋಟೋ ತೆಗೆದಿರಬೇಕು ಎನ್ನುವುದು ನನ್ನ ಊಹೆ.

ಕರೆಂಟು ಬಂದಮೇಲೆ ಈ ಪಾಡು ತಪ್ಪಿತಲ್ಲ ಎನ್ನಬಹುದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಹತ್ತಿರ ಬೀದಿದೀಪ ಉರಿಯಿತು. ಆದರೂ ಬಲ್ಬು ಭಾವಚಿತ್ರಕ್ಕೆ ಅಷ್ಟು ಬೇಗ ಒದಗಲಿಲ್ಲ. ಅಂದಿನ ಪ್ಲೇಟುಗಳು ನೀಲಿ ಬೆಳಕನ್ನು ಬೇಗ ಹಿಡಿಯುತ್ತಿದ್ದವು, ಕೆಂಪು ಅವುಗಳಿಗೆ ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ತಂತಿ ಕಾದು ಉರಿಯುವ ಬಲ್ಬಿನಲ್ಲೋ ಕೆಂಪೇ ಹೆಚ್ಚು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬರುವತನಕ ಆಕಾಶವೇ ಒಳ್ಳೆಯ ದೀಪ. ಮೆಗ್ನೀಸಿಯಂ ಪುಡಿ 1887ರಿಂದಲೇ ಇತ್ತು. ಒಂದು ಸಲ ಢಮ್ ಎಂದರೆ ಕೋಣೆಯ ತುಂಬ ಹೊಗೆ.

ಈ ಕೆಂಪಿನ ಕುರುಡು ಬರೀ ತಾಂತ್ರಿಕ ವಿಷಯವಲ್ಲ. ಹಳೆಯ ಫೋಟೋಗಳಲ್ಲಿ ಕುಂಕುಮ ಕಪ್ಪಗೆ ಕಾಣುವುದು ಇದರಿಂದ. ಕಂದು ಮೈಬಣ್ಣ ನಿಜಕ್ಕಿಂತ ಗಾಢವಾಗಿ ಬರುವುದೂ ಇದರಿಂದಲೇ. ಆಗ ಸ್ಟುಡಿಯೋದವರು ಮುಖಕ್ಕೆ ಪೌಡರ್ ಹಚ್ಚಿಸುತ್ತಿದ್ದರು, ನೆಗೆಟಿವ್ ಮೇಲೆ ಮೊನೆ ಪೆನ್ಸಿಲ್ ಆಡಿಸಿ ಕೆನ್ನೆ ಬೆಳ್ಳಗಾಗಿಸುತ್ತಿದ್ದರು. ಅಜ್ಜಿಯ ತಾಯಿಯೂ ಹಾಗೆ ಬೆಳ್ಳಗಾದವರೇ. "ಅಮ್ಮ ಅಷ್ಟ್ ಬೆಳ್ಳಗಿರ್ಲಿಲ್ಲ, ನನ್ ಥರಾನೇ" ಎಂದು ಅಜ್ಜಿ ಮೊದಲ ದಿನವೇ ಹೇಳಿದ್ದರು. ಬೆಳಕು ಬಿಟ್ಟ ಜಾಗವನ್ನು ಸಮಾಜ ತನಗೆ ಬೇಕಾದ ಬಣ್ಣದಲ್ಲಿ ತುಂಬಿಕೊಂಡಿತು.

ನನಗೆ ಧೈರ್ಯ ಬಂದದ್ದು ಮಾತ್ರ ಸಿನಿಮಾದವರಿಂದ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. 1959ರ 'ಕಾಗಜ್ ಕೆ ಫೂಲ್'ನಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕಂಬವನ್ನು ನೋಡಿದವರು ಮರೆಯುವುದಿಲ್ಲ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು, ಸುತ್ತಲೂ ದೊಡ್ಡ ದೊಡ್ಡ ದೀಪಗಳು. ಆದರೆ ಅಂಥ ಸಮಾನಾಂತರ ಕಿರಣ ಆ ದೀಪಗಳಿಂದ ಬರಲಿಲ್ಲ. ಮೂರ್ತಿ ಹೊರಗೊಂದು ದೊಡ್ಡ ಕನ್ನಡಿ ಇಟ್ಟು ಬಿಸಿಲು ಹಿಡಿದರು, ಅದನ್ನು ಒಳಗೆ ಮೇಲಿನ ಅಟ್ಟಣೆಯಲ್ಲಿದ್ದ ಇನ್ನೊಂದು ಕನ್ನಡಿಗೆ ಕೊಟ್ಟು ಕೆಳಗಿಳಿಸಿದರು. ಆ ಚಿತ್ರದ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮುಂದೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದೇ ಮೊದಲು. 2014ರಲ್ಲಿ ಅವರು ತೀರಿಕೊಂಡದ್ದು ಇದೇ ಬೆಂಗಳೂರಿನಲ್ಲಿ. ಅವರ ಊರಿನ ಸಿನಿಮಾ ಎಂದು ಹೇಳಿಕೊಳ್ಳಲು ನಮಗೆ 1993ರ 'ಹೂವು ಹಣ್ಣು' ಕೂಡ ಇದೆ.

'ಕಾಗಜ್ ಕೆ ಫೂಲ್'ಗೂ ಮೂರು ವರ್ಷ ಮೊದಲು ಕಲ್ಕತ್ತೆಯಲ್ಲಿ ಸುಬ್ರತ ಮಿತ್ರ ಇನ್ನೊಂದು ದಾರಿ ಹಿಡಿದಿದ್ದರು. 'ಅಪರಾಜಿತೋ'ಗಾಗಿ ಸ್ಟುಡಿಯೋದೊಳಗೆ ಕಾಶಿಯ ತೊಟ್ಟಿಮನೆ ಹಾಕಿದಾಗ, ತೊಟ್ಟಿಯ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಪಾತ್ರಗಳ ಕಡೆಗಲ್ಲ, ಆ ಬಟ್ಟೆಯ ಕಡೆಗೆ ತಿರುಗಿಸಿದರು. ಬಟ್ಟೆಯಿಂದ ಮರಳಿ ಬಿದ್ದ ಬೆಳಕು ತೊಟ್ಟಿಮನೆಯ ಆಕಾಶವೇ ಆಯಿತು.

ಕನ್ನಡಿ, ಬಟ್ಟೆ. ಎರಡೂ ನನ್ನ ಕೈಗೆಟುಕುವಂಥವು. ದೀಪದ ವಾಟಿಗೆ ಹಣ ಸುರಿಯುವುದನ್ನು ಅಲ್ಲಿಗೆ ಬಿಟ್ಟೆ. ದೊಡ್ಡಕಲ್ಲಸಂದ್ರದಲ್ಲಿ ಮೆಟ್ರೋ ಹತ್ತಿದರೆ ಒಂದೇ ಗಾಡಿಯಲ್ಲಿ ಕೆ.ಆರ್. ಮಾರುಕಟ್ಟೆ, ಅಲ್ಲಿಂದ ಎಸ್.ಪಿ. ರಸ್ತೆಗೆ ನಡೆಯುವ ದೂರ. 1905ರಲ್ಲಿ ಮೊದಲ ದೀಪ ಉರಿದ ಆಸುಪಾಸಿನಲ್ಲೇ ಈಗ ಎಲ್ಇಡಿಗಳು ಮೂಟೆಗಟ್ಟಲೆ ಬಿದ್ದಿರುತ್ತವೆ. ಅಂಗಡಿಯವರು ಮೊದಲು ಕೇಳುವುದು "ಎಷ್ಟು ವಾಟ್ ಬೇಕು?" ಎಂದು. ನಾನು ಕೇಳಿದ್ದು ಸಿ.ಆರ್.ಐ. ಎಷ್ಟು ಎಂದು. ದೀಪವೊಂದು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರಕ್ಕೆ ಕೊಡುವ ಅಂಕ ಅದು. ಮನೆಬಳಕೆಯ ಸಾಮಾನ್ಯ ಎಲ್ಇಡಿಗೆ ಎಂಬತ್ತರ ಸುಮಾರು. ಅಂಥ ದೀಪಗಳು ಹೆಚ್ಚಾಗಿ ಸೊರಗುವುದು ಗಾಢ ಕೆಂಪಿನಲ್ಲಿ. ಇದನ್ನು ಓದಿದಾಗ ನನಗೆ ಆ ಹಳೆಯ ಪ್ಲೇಟುಗಳು ನೆನಪಾದವು. ನೂರು ವರ್ಷದ ಮೇಲೆ ಮತ್ತೆ ಅದೇ ಕುಂಕುಮ, ಅದೇ ಕಂದು ಕೆನ್ನೆಯೇ ಅಗ್ಗದ ಬೆಳಕಿಗೆ ಬಲಿ. ಮೂರು ಅಂಗಡಿ ಸುತ್ತಿದ ಮೇಲೆ ತೊಂಬತ್ತೈದು ಎಂದು ಡಬ್ಬಿಯ ಮೇಲೆ ಅಚ್ಚಾಗಿದ್ದ ಬಲ್ಬು ಸಿಕ್ಕಿತು. ಒಂದೇ ಕಂಪನಿಯ, ಒಂದೇ ಬಣ್ಣದ ಎರಡು ತಂದೆ. ಬೇರೆ ಬೇರೆ ತಂದರೆ ಫೋಟೋದ ಒಂದು ಬದಿ ಹಳದಿ, ಇನ್ನೊಂದು ನೀಲಿ.

ಸಾಫ್ಟ್‌ಬಾಕ್ಸ್ ಕೊಳ್ಳಲಿಲ್ಲ. ಅಪ್ಪನ ಹಳೆಯ ಬಿಳಿ ಪಂಚೆ, ಬಟ್ಟೆ ಒಣಹಾಕುವ ಸ್ಟ್ಯಾಂಡ್, ಇನ್ನೊಂದು ಕಡೆಗೆ ಥರ್ಮೋಕೋಲ್ ಹಲಗೆ. ಬೆಳಕು ಮೆದುವಾಗುವುದು ಅದು ಹೊರಡುವ ಜಾಗ ದೊಡ್ಡದಾದಷ್ಟು, ಮುಖಕ್ಕೆ ಹತ್ತಿರವಾದಷ್ಟು. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಪಂಚೆಯನ್ನು ಹತ್ತಿರ ಎಳೆದರೆ ಸಣ್ಣ ಬಲ್ಬೂ ಸಾಲುತ್ತದೆ. ಹಳೆಯ ಪ್ರಿಂಟುಗಳ ನಕಲಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಬೇಕಾದದ್ದು ಕೋನ. ಕ್ಯಾಮೆರಾ ನೇರ ಮೇಲೆ, ದೀಪಗಳು ಎರಡೂ ಬದಿಗೆ 45 ಡಿಗ್ರಿಯಲ್ಲಿ, ಸಮ ದೂರದಲ್ಲಿ. ಆಗ ಹೊಳಪು ಬದಿಗೆ ಜಾರುತ್ತದೆ, ಮಸೂರಕ್ಕೆ ಬರುವುದಿಲ್ಲ. ಮಸೂರದ ಸುತ್ತಲೇ ಕೂರುವ ರಿಂಗ್ ಲೈಟು ಈ ಕೆಲಸಕ್ಕೆ ಎಲ್ಲಕ್ಕಿಂತ ಕೆಟ್ಟ ದೀಪ. ಇದು ಗೊತ್ತಾಗಲು ಐದು ನಿಮಿಷದ ಓದು ಸಾಕಿತ್ತು. ಇನ್ನೊಂದು ಕಾಟ ನಡುಗುವ ಬೆಳಕಿನದು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಚಿತ್ರದಲ್ಲಿ ಪಟ್ಟೆ ಬೀಳುತ್ತವೆ. ಶಟರ್ ವೇಗ ಐವತ್ತನೇ ಒಂದಕ್ಕೋ ನೂರನೇ ಒಂದಕ್ಕೋ ಇಟ್ಟರೆ ಪಟ್ಟೆ ಹೋಗುತ್ತವೆ.

ಇಷ್ಟೆಲ್ಲ ಸಿದ್ಧವಾಗುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಆಲ್ಬಮ್ ಮತ್ತೆ ಕೇಳಲು ಹೋದಾಗ ಅಜ್ಜಿ ಬೀರುವಿನ ಕಡೆ ಕೈ ತೋರಿಸಿದರು. ಆ ಗೋಡೆಗೆ ನೀರು ಇಳಿದಿತ್ತು. ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಬಿಡಿಸಲು ನೋಡಿದ ಕಡೆ ಮುಖಗಳು ಎದುರಿನ ಹಾಳೆಗೆ ಹತ್ತಿಕೊಂಡು ಕಿತ್ತು ಬಂದಿದ್ದವು. ಮೂವತ್ತೆಂಟು ಚಿತ್ರಗಳಲ್ಲಿ ಈಗ ಉಳಿದಿರುವುದು ನನ್ನ ಹಾರ್ಡ್ ಡಿಸ್ಕಿನಲ್ಲಿರುವವು ಮಾತ್ರ, ಬಳೆಯ ಸಮೇತ.

ಬಲ್ಬುಗಳೂ ಪಂಚೆಯೂ ಕೈಯಲ್ಲಿದ್ದವು. ಅಜ್ಜಿಯನ್ನೇ ನಡುಮನೆಯ ಕಿಟಕಿಯ ಪಕ್ಕ ಕೂರಿಸಿ ಫೋಟೋ ತೆಗೆದೆ. ಕ್ಯಾಮೆರಾದ ಪರದೆಯನ್ನು ಹತ್ತಿರ ಹಿಡಿದು ನೋಡಿದರು. ಕುಂಕುಮ ಕೆಂಪಗೇ ಇತ್ತು, ಕೆನ್ನೆ ಅವರದೇ ಬಣ್ಣದಲ್ಲಿತ್ತು. ಆಮೇಲೆ ನಾನು ಒಯ್ದಿದ್ದ ಅವರ ತಾಯಿಯ ಚಿತ್ರದ ಪ್ರಿಂಟನ್ನು ತುಂಬ ಹೊತ್ತು ನೋಡಿದರು.

"ಅಮ್ಮನ ಕಣ್ ಮೇಲಿರೋ ಈ ಬಳೆ ತೆಗೆಯಕ್ಕಾಗತ್ತಾ?"

"ಕಂಪ್ಯೂಟರಲ್ಲಿ ಅಳಿಸಬಹುದು ಅಜ್ಜಿ. ಆದ್ರೆ ಅಲ್ಲಿ ಬರೋ ಕಣ್ಣು ನಿಮ್ಮಮ್ಮಂದಲ್ಲ, ಕಂಪ್ಯೂಟರ್ ಬರ್ದಿದ್ದು."

"ಹಾಗಾದ್ರೆ ಇರ್ಲಿ ಬಿಡು" ಎಂದು ಪ್ರಿಂಟನ್ನು ಪಂಚಾಂಗದೊಳಗೆ ಇಟ್ಟುಕೊಂಡರು.