ಬ್ರಿಟನ್ನಿನಲ್ಲಿ ವಲಸಿಗ ವೈದ್ಯರಿಗೆ ಸಾಂಸ್ಕೃತಿಕ ತರಬೇತಿ

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ (ಎನ್‌ಎಚ್‌ಎಸ್) 1948ರಲ್ಲಿ ಆರಂಭವಾಯಿತು. ಹೊರದೇಶಗಳಲ್ಲಿ ಓದಿದ ವೈದ್ಯರನ್ನು ಅದು ದಶಕಗಳಿಂದ ನೆಚ್ಚಿಕೊಂಡಿದೆ. ಕರ್ನಾಟಕದ ವೈದ್ಯಕೀಯ ಕಾಲೇಜುಗಳ ಪದವೀಧರರೂ ಇವರಲ್ಲಿದ್ದಾರೆ. ಇವರಿಗೆ ವೈದ್ಯವಿದ್ಯೆ ಹೊಸದಲ್ಲ. ಅಲ್ಲಿನ ರೋಗಿಯೊಂದಿಗೆ ವ್ಯವಹರಿಸುವ ರೀತಿ ಹೊಸದು. ಅದನ್ನು ತಿಳಿಸಿಕೊಡುವುದೇ ಈ ತರಬೇತಿಯ ಉದ್ದೇಶ.

ಪರೀಕ್ಷೆ, ಕಾರ್ಯಾಗಾರ

ಜನರಲ್ ಮೆಡಿಕಲ್ ಕೌನ್ಸಿಲ್‌ನಲ್ಲಿ (ಜಿಎಂಸಿ) ನೋಂದಣಿ ಪಡೆಯಲು ಅನೇಕರು 'ಪ್ಲ್ಯಾಬ್' ಪರೀಕ್ಷೆಗೆ ಕೂರುತ್ತಾರೆ. ಅದರ ಎರಡನೆಯ ಭಾಗ ನಡೆಯುವುದು ಮ್ಯಾಂಚೆಸ್ಟರ್‌ನಲ್ಲಿ. ರೋಗಿಯ ಪಾತ್ರ ವಹಿಸುವ ನಟರೊಡನೆ ಅಭ್ಯರ್ಥಿಯು ಮಾತನಾಡಬೇಕು. ಪ್ರತಿ ಸನ್ನಿವೇಶಕ್ಕೆ 8 ನಿಮಿಷ. ಹೊಸಬರಿಗಾಗಿ ಜಿಎಂಸಿಯು 'ವೆಲ್‌ಕಮ್ ಟು ಯುಕೆ ಪ್ರಾಕ್ಟೀಸ್' ಎಂಬ ಅರ್ಧ ದಿನದ ಉಚಿತ ಕಾರ್ಯಾಗಾರವನ್ನೂ ನಡೆಸುತ್ತದೆ.

ಕಲಿಯಬೇಕಾದುದೇನು?

ರೋಗ ಗಂಭೀರವಾಗಿದ್ದರೆ ಮೊದಲು ಮಗನಿಗೋ ಗಂಡನಿಗೋ ತಿಳಿಸುವ ರೂಢಿ ಭಾರತದಲ್ಲುಂಟು. ಬ್ರಿಟನ್ನಿನಲ್ಲಿ ರೋಗಿಯ ಅನುಮತಿಯಿಲ್ಲದೆ ಮನೆಯವರಿಗೆ ವಿವರ ಹೇಳಿದರೆ ಅದು ಸಾಮಾನ್ಯವಾಗಿ ಗೋಪ್ಯತೆಯ ಉಲ್ಲಂಘನೆಯಾಗುತ್ತದೆ. 1985ರ ಗಿಲ್ಲಿಕ್ ತೀರ್ಪಿನನ್ವಯ ಇಂಗ್ಲೆಂಡಿನಲ್ಲಿ, ಚಿಕಿತ್ಸೆಯನ್ನು ಅರಿಯುವಷ್ಟು ಪ್ರಬುದ್ಧರಾದ 16 ವರ್ಷದೊಳಗಿನವರೂ ಸ್ವತಃ ಸಮ್ಮತಿ ನೀಡಬಹುದು. ರೋಗಿಯು ಮುಖ್ಯವೆಂದು ಭಾವಿಸಬಹುದಾದ ಅಪಾಯಗಳನ್ನೂ ಬದಲಿ ಚಿಕಿತ್ಸೆಗಳನ್ನೂ ವೈದ್ಯರು ತಿಳಿಸಲೇಬೇಕೆಂದು 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಾಂಟ್ಗೊಮರಿ ಪ್ರಕರಣದಲ್ಲಿ ಹೇಳಿತು. 'ತಾವು ಹೇಳಿದಂತೆ ಆಗಲಿ ಡಾಕ್ಟರೇ' ಎಂಬ ಮಾತಷ್ಟೇ ಅಲ್ಲಿ ಸಾಲದು.

ಹಿರಿಯ ವೈದ್ಯರ ತಪ್ಪಿನಿಂದ ರೋಗಿಗೆ ಅಪಾಯವಿದ್ದರೆ ಮೌನವು ವಿನಯವೆನಿಸದು, ಹೇಳುವುದೇ ವೃತ್ತಿಧರ್ಮ. ಭಾಷೆಯ ತೊಡಕೂ ಇದೆ. ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಅಗತ್ಯವಾದ 7.5 ಅಂಕ ಗಳಿಸಿದವರಿಗೂ, ವೃದ್ಧೆಯೊಬ್ಬರು 'ಸ್ಪೆಂಡ್ ಎ ಪೆನ್ನಿ' ಎಂದರೆ ಮೂತ್ರಕ್ಕೆ ಹೋಗಬೇಕೆಂದು ಅರ್ಥವಾಗದೆ ಇರಬಹುದು.

ತರಬೇತಿ ದೊರೆಯದಿದ್ದರೆ

ಇದು ಶಿಷ್ಟಾಚಾರದ ವಿಷಯ ಮಾತ್ರವಲ್ಲ, ಜೀವನೋಪಾಯದ ಪ್ರಶ್ನೆಯೂ ಹೌದು. ಜಿಎಂಸಿಗಾಗಿ ಸಿದ್ಧಪಡಿಸಿದ 'ಫೇರ್ ಟು ರೆಫರ್?' ವರದಿ 2019ರಲ್ಲಿ ಪ್ರಕಟವಾಯಿತು. ಬಿಳಿಯ ವೈದ್ಯರಿಗೆ ಹೋಲಿಸಿದರೆ ಅಲ್ಪಸಂಖ್ಯಾತ ಜನಾಂಗಗಳ ವೈದ್ಯರ ಮೇಲೆ ಉದ್ಯೋಗದಾತರು ಜಿಎಂಸಿಗೆ ದೂರು ಒಯ್ಯುವ ಪ್ರಮಾಣ ಎರಡು ಪಟ್ಟು. ಬ್ರಿಟನ್ನಿನಲ್ಲಿ ಓದಿದವರಿಗೆ ಹೋಲಿಸಿದರೆ ಹೊರದೇಶಗಳಲ್ಲಿ ಓದಿದವರ ಮೇಲೆ ಎರಡೂವರೆ ಪಟ್ಟು. ಹೊಸಬರಿಗೆ ಸರಿಯಾದ ಆರಂಭಿಕ ಮಾರ್ಗದರ್ಶನ ದೊರೆಯದಿರುವುದು, ತಪ್ಪನ್ನು ಸಕಾಲದಲ್ಲಿ ನೇರವಾಗಿ ಹೇಳಲು ಮೇಲಧಿಕಾರಿಗಳು ಹಿಂಜರಿಯುವುದು, ಗುಂಪುಗಾರಿಕೆ ಇವೇ ಮೊದಲಾದವು ಕಾರಣಗಳೆಂದು ವರದಿ ಗುರುತಿಸಿತು. ಎದುರಿಗೆ ಹೇಳಿದ್ದರೆ ತಿದ್ದಿಹೋಗಬಹುದಾಗಿದ್ದ ಲೋಪವು ದೂರಾಗಿ ಬೆಳೆಯುತ್ತದೆ.

ಇಬ್ಬರ ಹೊಣೆ

2022ರಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಸಂಸ್ಥೆಯು ಹೊರದೇಶದ ವೈದ್ಯರನ್ನು ಬರಮಾಡಿಕೊಳ್ಳುವ ಬಗೆಗೆ ಆಸ್ಪತ್ರೆಗಳಿಗೆ ಮಾರ್ಗದರ್ಶಿಯನ್ನು ಹೊರತಂದಿತು. ಬಂದವರು ಅಲ್ಲಿನ ರೀತಿಯನ್ನು ಕಲಿಯಬೇಕು, ನಿಜ. ಆದರೆ ಅದನ್ನು ಕಲಿಸಿಕೊಡದೆ, ಕಲಿತಿಲ್ಲವೆಂದು ದೂರುವುದು ನ್ಯಾಯವಲ್ಲ.