ಹಾಡಿದವರ ಕೂಲಿ

ಸಿಲ್ ಜಾನ್ಸನ್ ಹೆಸರು ನಮ್ಮಲ್ಲಿ ಬಹಳ ಜನ ಕೇಳಿರಲಿಕ್ಕಿಲ್ಲ. 1936ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಕಪ್ಪು ಹುಡುಗ. ಶಿಕಾಗೋಗೆ ಬಂದು ಬ್ಲೂಸ್ ಗಿಟಾರ್ ನುಡಿಸಿದರು, ಆಮೇಲೆ ಸೋಲ್ ಹಾಡಿದರು.

1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯ್ತು. ಮರುವರ್ಷವೇ ಜಾನ್ಸನ್ ಹಾಡಿದ್ದು 'ಈಸ್ ಇಟ್ ಬಿಕಾಸ್ ಐ ಆಮ್ ಬ್ಲ್ಯಾಕ್'. ನಾನು ಕಪ್ಪಗಿರೋದಕ್ಕಾ? ಅಂತ. ಘೋಷಣೆ ಇಲ್ಲ, ಕೂಗಾಟ ಇಲ್ಲ, ಒಂದೇ ಪ್ರಶ್ನೆ. ಹಾಡು ಗೆದ್ದಿತು, ಹಾಡಿದವರ ಬದುಕು ಅಷ್ಟು ಗೆಲ್ಲಲಿಲ್ಲ. 80ರ ದಶಕದಲ್ಲಿ ಮೀನಿನ ಹೋಟೆಲ್ ಇಟ್ಟರು.

ಅವರ 1967ರ 'ಡಿಫರೆಂಟ್ ಸ್ಟ್ರೋಕ್ಸ್' ರೆಕಾರ್ಡಿನ ತುಣುಕುಗಳನ್ನ ಮುಂದೆ ಹಿಪ್-ಹಾಪ್‌ನವರು ಕತ್ತರಿಸಿ ತಮ್ಮ ಹಾಡಿಗೆ ಸೇರಿಸ್ಕೊಂಡ್ರು. ಪಬ್ಲಿಕ್ ಎನಿಮಿ, ವೂ-ಟ್ಯಾಂಗ್ ಕ್ಲಾನ್, ಇನ್ನೂ ಎಷ್ಟೋ ಜನ. ಜಾನ್ಸನ್ ಸುಮ್ನೆ ಕೂರಲಿಲ್ಲ, ತಮ್ಮ ಪಾಲು ಕೇಳಿದ್ರು. 2011ರಲ್ಲಿ ಕಾನ್ಯೆ ವೆಸ್ಟ್, ಜೇ-ಝೀ ಮೇಲೆ ಕೇಸು ಹಾಕಿದ್ರು. ಆಮೇಲೆ ರಾಜಿಯಾಯ್ತು. ಎದುರಿಗಿದ್ದೋರೂ ಕಪ್ಪು ಜನರೇ. ಆದ್ರೂ ಕೂಲಿ ಕೂಲಿನೇ. 2022ರಲ್ಲಿ ತೀರಿಕೊಂಡರು.

ನಮ್ಮ ಸಭೆಗಳಿಗೆ ಹಾಡೋಕೆ ಕರೆಸಿ, 'ನಮ್ಮೋರೇ ಅಲ್ವಾ' ಅಂತ ಬಸ್ ಚಾರ್ಜೂ ಕೊಡದೆ ಕಳಿಸಿದ್ದೀವಿ. ನಾನೂ ಕಳಿಸಿದ್ದೀನಿ. ಇನ್ಮೇಲೆ ಆಗಬಾರದು.

ಜೈ ಭೀಮ್.