ಒಂದೇ ಊರು, ಎರಡು ವಲಯ: ಚಿಕ್ಕೋಡಿ ಸೀಮೆಯ ಕಾಲೇಜು ಫುಟ್‌ಬಾಲ್

ನಿಪ್ಪಾಣಿಯ ಜಿ.ಐ. ಬಾಗೇವಾಡಿ ಕಾಲೇಜು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದೆ. ಊರಿಗೆ ಅಂಟಿಕೊಂಡೇ ಇರುವ ಅರ್ಜುನನಗರದ ದೇವಚಂದ ಕಾಲೇಜು ಕೊಲ್ಹಾಪುರ ಜಿಲ್ಲೆಯ ಕಾಗಲ್ ತಾಲ್ಲೂಕಿನಲ್ಲಿದ್ದು, ಶಿವಾಜಿ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿದೆ. ಹೀಗಾಗಿ ನಿಪ್ಪಾಣಿಯ ಫುಟ್‌ಬಾಲ್ ಆಟಗಾರನ ಋತು ಯಾವ ದಿಕ್ಕಿಗೆ ಸಾಗಬೇಕು ಎಂಬುದು ಮೈದಾನದಲ್ಲಲ್ಲ, ಪ್ರವೇಶ ಅರ್ಜಿಯಲ್ಲಿಯೇ ನಿರ್ಧಾರವಾಗುತ್ತದೆ.

ಮೊದಲು ಅಂತರ ಕಾಲೇಜು ಪಂದ್ಯಾವಳಿ, ಅಲ್ಲಿಂದ ವಿಶ್ವವಿದ್ಯಾಲಯ ತಂಡದ ಆಯ್ಕೆ, ಬಳಿಕ ವಲಯ ಮಟ್ಟದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ವಿಂಗಡಣೆಯಲ್ಲಿ ಕರ್ನಾಟಕ ದಕ್ಷಿಣ ವಲಯದಲ್ಲಿದ್ದರೆ, ಮಹಾರಾಷ್ಟ್ರ ಪಶ್ಚಿಮ ವಲಯದಲ್ಲಿದೆ. ಬಾಗೇವಾಡಿ ಕಾಲೇಜಿನಿಂದ ಆಯ್ಕೆಯಾದವನು ಫುಟ್‌ಬಾಲಿಗೆ ಹೆಸರಾದ ಕೇರಳದ ತಂಡಗಳನ್ನು ದಾಟಬೇಕು. ದೇವಚಂದ ಕಾಲೇಜಿನವನಿಗೆ ಗೋವಾ ತಂಡ ಎದುರಾಗಬಹುದು. ಎರಡೂ ವಿಶ್ವವಿದ್ಯಾಲಯಗಳು ಅಖಿಲ ಭಾರತ ಹಂತ ತಲುಪಿದರೆ ಮಾತ್ರ ಈ ಇಬ್ಬರು ನೆರೆಹೊರೆಯವರು ವಿಶ್ವವಿದ್ಯಾಲಯದ ಅಂಗಿ ತೊಟ್ಟು ಪರಸ್ಪರ ಎದುರಾಗುವ ಸಾಧ್ಯತೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಪದವಿ ಕಾಲೇಜುಗಳು 2010ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಧಾರವಾಡ, ಹುಬ್ಬಳ್ಳಿ, ಕಾರವಾರ, ವಿಜಾಪುರದ ಹುಡುಗರೊಡನೆ ಪೈಪೋಟಿ ನಡೆಸಿ ಒಂದೇ ತಂಡದಲ್ಲಿ ಸ್ಥಾನ ಗಿಟ್ಟಿಸಬೇಕಿತ್ತು. ಆ ವರ್ಷ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಬೆಳಗಾವಿ, ವಿಜಾಪುರ, ಬಾಗಲಕೋಟೆ ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ಹೊಸ ವಿಶ್ವವಿದ್ಯಾಲಯವೆಂದರೆ ಆಟಗಾರನ ಮಟ್ಟಿಗೆ ಇನ್ನೊಂದು ತಂಡ. ಗಡಿಭಾಗದ ಕ್ರೀಡೆಗೆ ಅದು ಸಣ್ಣ ಲಾಭವಲ್ಲ. ಚಿಕ್ಕೋಡಿಯ ಕೆ.ಎಲ್.ಇ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳದು ಮಾತ್ರ ಬೇರೆ ಲೆಕ್ಕ. ಅವರು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವರು.

ಆದರೆ ಆಟದ ಸೆಳೆತ ಇರುವುದು ಕೊಲ್ಹಾಪುರದ ಕಡೆಗೆ. ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಆ ನಗರದಲ್ಲಿ ಕುಸ್ತಿಯ ತಾಲೀಮುಗಳ ಹೆಸರಿನಲ್ಲೇ ಫುಟ್‌ಬಾಲ್ ತಂಡಗಳಿವೆ. ಪಾಟಾಕಡೀಲ ತಾಲೀಮು, ದಿಲಬಹಾರ ತಾಲೀಮು, ಖಂಡೋಬಾ ತಾಲೀಮು ತಂಡಗಳ ಪಂದ್ಯಕ್ಕೆ ಶಾಹೂ ಕ್ರೀಡಾಂಗಣ ಕಿಕ್ಕಿರಿಯುತ್ತದೆ. 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತದ ಪರ ಆಡಿದ ಅನಿಕೇತ್ ಜಾಧವ್ ಕೊಲ್ಹಾಪುರದವರು. ಬೆಳಗಾವಿ ನಿಪ್ಪಾಣಿಗೆ ಇದರ ಎರಡು ಪಟ್ಟಿನಷ್ಟು ದೂರ. ಕಾಗವಾಡದವರಿಗಂತೂ ಮೀರಜ್ ಕೂಗಳತೆಯಲ್ಲಿದ್ದರೆ, ಬೆಳಗಾವಿ ನೂರು ಕಿ.ಮೀ.ಗೂ ಆಚೆ. ಆಯ್ಕೆ ಶಿಬಿರಕ್ಕೆ ಹೋಗಿಬರಲು ಒಂದು ದಿನವೇ ಬೇಕು.

ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಗರಿಷ್ಠ ವಯೋಮಿತಿ 25. ಮೂರು ವರ್ಷದ ಪದವಿಗೆ ಮೂರೇ ಋತು. ಕೋವಿಡ್ ಕಾಲದಲ್ಲಿ ಪದವಿಯಲ್ಲಿದ್ದವರಿಗೆ ಅಷ್ಟೂ ದಕ್ಕಲಿಲ್ಲ.